ಬನಿಯನ್ನಿನ ಮೇಲಿನ ಆರನೇ ಗುರುತು

ಇಂಥ ವಿಷಯಗಳನ್ನು ನಾನು ನಂಬಿದವಳಲ್ಲ. ಯಾರಾದರೂ ಹೇಳಿದರೆ ತಲೆಯಾಡಿಸಿ, ಮನೆಗೆ ಬಂದು ನಕ್ಕವಳು. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಬನಶಂಕರಿಯಲ್ಲಿ ನಮ್ಮದು ಹೊಲಿಗೆ ಅಂಗಡಿ. ಯಜಮಾನರು ಬಟ್ಟೆ ಕತ್ತರಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಅವರಿಗೆ ಮೂಳೆ ನೋವು ಶುರುವಾಯಿತು. ಪರೀಕ್ಷೆಯಲ್ಲಿ ಮೈಲೋಮಾ ಎಂದು ಬಂತು. ಮೂಳೆಯೊಳಗಿನ ಮಜ್ಜೆಗೆ ಬರುವ ಕ್ಯಾನ್ಸರ್. ಮೂಳೆ ಎಲ್ಲೆಲ್ಲಿ ಸವೆದಿದೆ ಎಂದು ನೋಡಲು ಡಾಕ್ಟರ್ ಇಡೀ ಮೈಯ ಎಕ್ಸ್‌ರೇಗೆ ಬರೆದುಕೊಟ್ಟರು.

ಅದಕ್ಕೆ ಹೊರಡಬೇಕಿದ್ದ ಬೆಳಿಗ್ಗೆ ಯಜಮಾನರು ಬನಿಯನ್ ತೊಟ್ಟು ನನ್ನೆದುರು ನಿಂತರು. ಗಿರಾಕಿ ಬಟ್ಟೆ ಹಾಕಿಕೊಂಡು ನಿಂತಾಗ, ಸರಿಯಿಲ್ಲದ ಕಡೆ ಚಾಕ್‌ನಲ್ಲಿ ಗುರುತು ಹಾಕುವುದು ನಮ್ಮ ಕಸುಬಿನ ಪದ್ಧತಿ.

“ನೋವಿರೋ ಕಡೆಯೆಲ್ಲ ಗುರುತು ಹಾಕೇ. ಡಾಕ್ಟ್ರ ಮುಂದೆ ನಂಗೆ ಎಲ್ಲಾ ಮರ್ತೋಗುತ್ತೆ.”

“ಆಲ್ಟ್ರೇಷನ್ನಾ ಸಾರ್? ಇವತ್ತೇ ಬೇಕಾ?” ಎಂದೆ.

“ಸ್ವಲ್ಪ ಅರ್ಜೆಂಟಮ್ಮ,” ಎಂದು ನಕ್ಕರು.

ಅವರು ತೋರಿಸಿದ ಐದು ಕಡೆ ನೀಲಿ ಚಾಕ್‌ನಿಂದ ಗುರುತು ಹಾಕಿ ಎಣಿಸಿದೆ. ಒಳಗಿನಿಂದ ಶರ್ಟ್ ತಂದಾಗ ಬೆನ್ನಿನ ನಡುವೆ ಆರನೆಯದು ಇತ್ತು. ಭುಜದ ನೋವಿಗೆ ಅವರ ಕೈ ಅಲ್ಲಿಗೆ ಹೋಗುತ್ತಿರಲಿಲ್ಲ. ಚಾಕ್ ನನ್ನ ಮುಷ್ಟಿಯಲ್ಲೇ ಇತ್ತು. ಮನೆಯಲ್ಲಿ ನಾವಿಬ್ಬರೇ.

“ರೀ, ಇಲ್ಲೂ ನೋವಿದೆಯಾ?” ಆ ಜಾಗವನ್ನು ಬೆರಳಿನಿಂದ ಒತ್ತಿ ಕೇಳಿದೆ.

“ಇಲ್ವಲ್ಲ. ನೀನೇ ಹಾಕಿರ್ತೀಯ, ಮೊದ್ಲು ಕನ್ನಡಕ ಹಾಕ್ಕೋ ಹೋಗು.”

ತಪ್ಪಿ ಬಿದ್ದ ಗುರುತನ್ನು ನಾವು ಕೈಯಲ್ಲೇ ಉಜ್ಜಿ ಅಳಿಸುತ್ತೇವೆ. ಅಳಿಸಿಬಿಟ್ಟೆ.

ಎಕ್ಸ್‌ರೇಯಲ್ಲಿ ಪಕ್ಕೆಲುಬು, ತೊಡೆಯ ಮೂಳೆಗಳಲ್ಲಿ ಸಣ್ಣ ಸಣ್ಣ ತೂತುಗಳು ಕಂಡವು. ಬೆನ್ನು ಸರಿಯಾಗಿದೆ ಎಂದರು. ಮೂರು ತಿಂಗಳ ನಂತರ ಬಕೆಟ್ ಎತ್ತುವಾಗ ಅವರ ಬೆನ್ನುಮೂಳೆ ಕುಸಿಯಿತು. ಕಾಲುಗಳಲ್ಲಿ ಬಲ ಹೋಯಿತು. ಎಂಆರ್‌ಐ ಚಿತ್ರದಲ್ಲಿ ಡಾಕ್ಟರ್ ಬೆರಳಿಟ್ಟು ತೋರಿಸಿದ್ದು ಅದೇ ಜಾಗ.

“ಮೂಳೆ ತುಂಬಾ ಸವೆದ ಮೇಲಷ್ಟೇ ಎಕ್ಸ್‌ರೇಲಿ ಕಾಣೋದಮ್ಮ,” ಎಂದರು. “ಅಲ್ಲೇನೋ ಇದೆ ಅಂತ ಒಂದು ಸುಳಿವು ಸಿಕ್ಕಿದ್ರೆ ಆಗ್ಲೇ ಎಂಆರ್‌ಐ ಮಾಡಿಸ್ತಿದ್ವಿ.”

ಯಜಮಾನರು ಮತ್ತೆ ನಡೆಯಲಿಲ್ಲ, ಮರುವರ್ಷ ಹೋಗಿಬಿಟ್ಟರು. ಆ ಗುರುತಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನೇ ಹಾಕಿ ಮರೆತಿದ್ದೆನೇ? ಇರಬಹುದು. ಆದರೆ ಐದು ಎಂದು ಎಣಿಸಿದ್ದು ಚೆನ್ನಾಗಿ ನೆನಪಿದೆ.

ಅಂಗಡಿ ಈಗಲೂ ನಡೆಸುತ್ತಿದ್ದೇನೆ. ಬಟ್ಟೆಯ ಮೇಲೆ ಲೆಕ್ಕಕ್ಕಿಂತ ಹೆಚ್ಚಿಗೆ ಒಂದು ಗುರುತು ಕಂಡರೆ ಅಳಿಸಲು ಕೈ ಬರುವುದಿಲ್ಲ. ಗಿರಾಕಿಯನ್ನು ಮತ್ತೆ ಕರೆಸಿ, “ಇಲ್ಲೇನಾದ್ರೂ ಹಿಡಿಯುತ್ತಾ?” ಎಂದು ಕೇಳುತ್ತೇನೆ. ಇಲ್ಲ ಎನ್ನುತ್ತಾರೆ. ಇನ್ನೊಂದು ಸಲ ಕೇಳುತ್ತೇನೆ.