ಬಿಲ್ಲೆ ದಾಟಿದ ಕುರ್ಚಿ

ಹೋದ ವರ್ಷದ ಬೇಸಿಗೆ. ಆಮ್‌ಸ್ಟರ್‌ಡ್ಯಾಮ್ ಪಕ್ಕದ ಡೀಮೆನ್‌ನಲ್ಲಿ ನಾವು ಧಾರವಾಡದ ಗಂಡ-ಹೆಂಡತಿ ಸೇರಿ ರೊಟ್ಟಿ ಊಟದ ಖಾನಾವಳಿ ಶುರು ಮಾಡಿದ್ದೆವು. ಒಳಗೆ ಜಾಗ ಇಕ್ಕಟ್ಟು. ಫುಟ್‌ಪಾತಿನ ಮೇಲೆ ನಾಲ್ಕು ಟೇಬಲ್ ಹಾಕಲು ನಗರಸಭೆ ಪರ್ಮಿಟ್ ಕೊಟ್ಟಿತ್ತು. ನಮ್ಮ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಆ ಟೇಬಲ್‌ಗಳಿಂದ. ಷರತ್ತು ಒಂದೇ: ಗಡಿ ಗುರುತಿಗೆಂದು ನೆಲದಲ್ಲಿ ಕೂರಿಸಿದ ಲೋಹದ ಬಿಲ್ಲೆಗಳ ಆಚೆ ಒಂದು ಕುರ್ಚಿಯ ಕಾಲೂ ಹೋಗಬಾರದು.

ನಮ್ಮ ಜನ ಕೇಳಬೇಕಲ್ಲ! ಪರಿಚಯದವರು ಕಂಡರೆ ಸಾಕು, ಕುರ್ಚಿ ಎಳೆದುಕೊಂಡು ಹೋಗಿ ಹರಟೆಗೆ ಕೂರುತ್ತಾರೆ. ಯಾರೋ ದೂರು ಕೊಟ್ಟರು. ಇನ್ನೊಮ್ಮೆ ದಾಟಿದರೆ ಪರ್ಮಿಟ್ ರದ್ದು ಎಂದು ಇನ್‌ಸ್ಪೆಕ್ಟರ್ ಹೇಳಿಹೋದರು.

ನನಗೆ ಪಕ್ಕದ ಮನೆಯ ಹೆಂಕ್ ಮೇಲೆಯೇ ಅನುಮಾನ. ದಿನಾ ಬಂದು ಕುರ್ಚಿಗಳ ಕಾಲು ನೋಡುವುದು, ಬಿಲ್ಲೆ ನೋಡುವುದು, ಒಂದು ಚಹಾ ಕುಡಿದು ಹೋಗುವುದು. ಈ ಮನುಷ್ಯ ನಮ್ಮ ಅನ್ನಕ್ಕೆ ಕಲ್ಲು ಹಾಕಲೆಂದೇ ಬರುತ್ತಾನೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಭಾನುವಾರ ಹುಬ್ಬಳ್ಳಿ ಕಡೆಯ ಕುಟುಂಬವೊಂದು ವಯಸ್ಸಾದ ತಾಯಿಯ ಜೊತೆ ಬಂತು. ನಾನು ಬಡಿಸಿ ತಿರುಗುವಷ್ಟರಲ್ಲಿ ಅಜ್ಜಿಯ ಕುರ್ಚಿ ಬಿಸಿಲು ಕಾಯಲೆಂದು ಬಿಲ್ಲೆಯ ಆಚೆ ಸರಿದಿತ್ತು. ಅದೇ ಹೊತ್ತಿಗೆ ರಸ್ತೆಯ ತುದಿಯಲ್ಲಿ ಇನ್‌ಸ್ಪೆಕ್ಟರ್ ಸೈಕಲ್ ಕಾಣಿಸಿತು.

"ಅಜ್ಜಿನ್ನ ಎಬ್ಬಸ್ರೀ, ಲಗೂನ," ಎಂದೆ ನಮ್ಮನೆಯವರಿಗೆ.

"ಉಣ್ಣಾಕ ಕುಂತ ಹಿರ್ಯಾರನ್ನ ಎಬ್ಬಸೂದೇನ? ನನ್ನ ಕೈಲೆ ಆಗಂಗಿಲ್ಲ." ಇವರು ನಿಂತಲ್ಲೇ ನಿಂತರು. ನನಗೂ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಹೆಂಕ್ ಎದ್ದರು. ಮುಗೀತು, ತೋರಿಸಿಕೊಡುತ್ತಾರೆ ಅಂದುಕೊಂಡೆ. ಅವರು ಅಜ್ಜಿಯ ಮಗನಿಗೆ ಸನ್ನೆ ಮಾಡಿದರು. ಇಬ್ಬರೂ ಸೇರಿ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ಬಿಲ್ಲೆಯ ಈಚೆ ಇಟ್ಟರು! ಅಜ್ಜಿ ಕೈಯಲ್ಲಿನ ತಟ್ಟೆ ಬಿಡಲಿಲ್ಲ. "ಏ ತಮ್ಮಾ, ಸಾವಕಾಶ, ಸಾರು ಚೆಲ್ತೈತಿ!" ಇನ್‌ಸ್ಪೆಕ್ಟರ್ ಬಂದು ನೆಲ ನೋಡಿ, ತಲೆಯಾಡಿಸಿ ಹೋದರು.

ಹೆಂಕ್‌ಗೆ ಇನ್ನೊಂದು ಚಹಾ ಕೊಟ್ಟು ಇಂಗ್ಲಿಷಿನಲ್ಲಿ ನೇರವಾಗಿಯೇ ಕೇಳಿದೆ: "ಆವತ್ತು ದೂರು ಕೊಟ್ಟವರು ಯಾರು?"

"ನಾನೇ," ಎಂದರು, ಮುಚ್ಚುಮರೆಯಿಲ್ಲದೆ. "ನನ್ನ ಹೆಂಡತಿಯ ಗಾಲಿಕುರ್ಚಿ ಇಲ್ಲಿ ದಾಟಲಿಲ್ಲ. ದಾರಿ ಬೇಕಿತ್ತು ಅಷ್ಟೇ. ನಿಮ್ಮ ಅಂಗಡಿ ಮುಚ್ಚುವುದು ಬೇಕಿರಲಿಲ್ಲ."

"ನಮಗೇ ಹೇಳಬಹುದಿತ್ತಲ್ಲ?"

"ಜನ ಊಟ ಮಾಡುತ್ತಿದ್ದರು. ಹೇಗೆ ಏಳಿ ಅನ್ನಲಿ?"

ನನಗೆ ಕಣ್ಣು ತುಂಬಿ ಬಂತು.

ಈಗ ಭಾನುವಾರ ಅವರು ಹೆಂಡತಿಯನ್ನೂ ಕರೆತರುತ್ತಾರೆ. ಒಂದು ಟೇಬಲ್ ತೆಗೆದು ಆಕೆಗೆ ಜಾಗ ಮಾಡಿದ್ದೇವೆ. ಆದರೂ ಗಾಲಿಕುರ್ಚಿಯ ಒಂದು ಚಕ್ರ ಬಿಲ್ಲೆ ದಾಟುತ್ತದೆ. ದೂರದಲ್ಲಿ ಆ ಸೈಕಲ್ ಕಂಡರೆ ಇವತ್ತಿಗೂ ನನ್ನ ಕಣ್ಣು ಮೊದಲು ಆ ಚಕ್ರಕ್ಕೇ ಹೋಗುತ್ತದೆ. ಆದರೆ ಉಣ್ಣುತ್ತಿರುವ ಆಕೆಗೆ ಸ್ವಲ್ಪ ಸರಿಯಿರಿ ಅನ್ನಲು ನನಗೂ ಬಾಯಿ ಬರುವುದಿಲ್ಲ, ಹೆಂಕ್‌ಗೂ ಬರುವುದಿಲ್ಲ.