ಬಿಸಿಲಿನ ಮಾತೊಂದನ್ನು ಬಿಟ್ಟು

ಪೆದ್ದಕಡುಬೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಂದು ಶೇಂಗಾ ಸುಲಿಯಲು ಕೂತವರು ಐದು ಜನ: ಅಜ್ಜಿ, ಅವ್ವ, ಅಕ್ಕ, ನಾನು, ಮತ್ತೆ ಕೌತಾಳಂನಿಂದ ಬಂದಿದ್ದ ಅಪ್ಪನ ತಂಗಿ, ನನ್ನ ಸೋದರತ್ತೆ. ಕೂತಲ್ಲಿ ನಗಿಸುವುದರಲ್ಲಿ ಅತ್ತೆಯನ್ನು ಮೀರಿಸುವವರಿರಲಿಲ್ಲ. ನನ್ನ ಕೆನ್ನೆ, ಹಣೆ ತುಂಬ ಮೊಡವೆ ಎದ್ದಿದ್ದ ಕಾಲ. ಅತ್ತೆ ಒಂದು ಶೇಂಗಾ ಸಿಪ್ಪೆಯನ್ನೆತ್ತಿ ನನ್ನ ಮುಖದ ಪಕ್ಕಕ್ಕೆ ಹಿಡಿದಳು.

"ನೋಡ್ರಿ, ಎರಡಕ್ಕೂ ಫರಕ್ ಐತೇನು? ನಾಳೆ ಅಕ್ಕನ್ನ ನೋಡಾಕ ಬರೋರ ಮುಂದ ಈಕಿನ್ನ ಬಿಡಬ್ಯಾಡ್ರಿ. ಮನಿತನದಾಗ ಐತಿ ಅಂದ್ಕೊಂಡಾರು."

ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಮರುದಿನ ಗಂಡಿನ ಕಡೆಯವರು ಬಂದು, ಚಹಾ ಕುಡಿದು ಹೋಗುವ ತನಕ ನಾನು ಕಾಳಿನ ಚೀಲಗಳ ಕೋಣೆಯಲ್ಲಿದ್ದೆ. ಇದನ್ನು ಅತ್ತೆಗೆ ತಿರುಗಿಸಿ ಕೊಡದೆ ಬಿಡುವುದಿಲ್ಲ ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಆದೋನಿಯ ಚರ್ಮದ ಡಾಕ್ಟರಮ್ಮ ಗ್ಲೈಕಾಲಿಕ್ ಆಸಿಡ್ ಬರೆದುಕೊಟ್ಟರು. ಸತ್ತ ಚರ್ಮದ ಪದರ ಬಿಡಿಸುತ್ತದೆ, ವಾರಕ್ಕೆ ಎರಡೇ ಸಲ, ಸಂಜೆ ಹಚ್ಚಬೇಕು ಎಂದರು. ಹಗಲು ಸನ್‌ಸ್ಕ್ರೀನ್ ಇಲ್ಲದೆ ಬಿಸಿಲಿಗೆ ಕಾಲಿಡಬಾರದು, ಚರ್ಮ ಸುಟ್ಟು ಕಪ್ಪಾಗುತ್ತದೆ ಎಂಬುದನ್ನು ಮೂರು ಸಲ ಹೇಳಿದರು. ಸೀಸೆ ನೋಡಿ ಅಜ್ಜಿ ಹೌಹಾರಿದಳು.

"ಬಚ್ಚಲ ತಿಕ್ಕೋ ಆಸಿಡ್ ಮಾರಿಗೇನ ಪಿಲ್ಲಾ? ಯಾರ ಮ್ಯಾಲಿನ ಸಿಟ್ಟಿದು?"

ಸಿಟ್ಟಿನ ಅವಸರಕ್ಕೆ ಮೊದಲ ವಾರ ದಿನವೂ ಹಚ್ಚಿದೆ. ಮುಖ ಉರಿದು ಸಿಪ್ಪೆ ಎದ್ದಿತು. ಆಮೇಲೆ ಹೇಳಿದಷ್ಟೇ ಹಚ್ಚಿದೆ. ನಾಲ್ಕು ತಿಂಗಳಿಗೆ ಮೊಡವೆ ಇಳಿದು ಕಲೆಗಳೂ ತಿಳಿಯಾದವು.

ಯುಗಾದಿಗೆ ಬಂದ ಅತ್ತೆ ನನ್ನ ಕೆನ್ನೆ ಮುಟ್ಟಿ ಮುಟ್ಟಿ ನೋಡಿದಳು. ಆಕೆಯ ಕೆನ್ನೆಗಳ ಮೇಲೆ ಕಂದು ಬಂಗು ಹರಡಿತ್ತು.

"ನನಗೂ ಒಂದು ಸೀಸೆ ತರಿಸಿಕೊಡವಾ. ಮಗನ ಲಗ್ನ ಬಂತು. ಈ ಮಾರಿ ಹೊತ್ಕೊಂಡು ಹೆಂಗ ನಿಂದ್ರಲಿ?"

ತರಿಸಿಕೊಟ್ಟೆ. ಎಷ್ಟು ಹನಿ, ಯಾವಾಗ, ಹೇಗೆ, ಎಲ್ಲ ಬಿಡಿಸಿ ಹೇಳಿದೆ. ಬಿಸಿಲಿನ ಮಾತೊಂದನ್ನು ನುಂಗಿಕೊಂಡೆ. ಬೇಸಿಗೆಯಲ್ಲಿ ಆಕೆ ದಿನವಿಡೀ ಕಣದಲ್ಲಿ ಮೆಣಸಿನಕಾಯಿ ಒಣಗಿಸುತ್ತಾಳೆಂದು ಗೊತ್ತಿದ್ದೇ ನುಂಗಿಕೊಂಡೆ. ನಿಜ ಹೇಳಬೇಕೆಂದರೆ ಆ ಸಂಜೆ ಎರಡು ರೊಟ್ಟಿ ಹೆಚ್ಚಿಗೇ ತಿಂದೆ.

ಮೂರು ವಾರಕ್ಕೆ ಅತ್ತೆಯ ಕೆನ್ನೆ ಹೆಂಚಿನ ತಳದಂತೆ ಕಪ್ಪಾಯಿತು. ಅಪ್ಪ ನನ್ನನ್ನೇ ಜೊತೆ ಮಾಡಿ ಆಕೆಯನ್ನು ಆದೋನಿಗೆ ಕಳಿಸಿದ. ಡಾಕ್ಟರಮ್ಮ ನನ್ನ ಕಡೆ ನೋಡುತ್ತಲೇ ಅತ್ತೆಯನ್ನು ಕೇಳಿದರು: "ಬಿಸಿಲಿಗಿ ಹೋಗಬಾರ್ದಂತ ಈ ಹುಡುಗಿ ಹೇಳ್ಲಿಲ್ಲೇನ್ರೀ?"

ಅತ್ತೆ ನನ್ನನ್ನೊಮ್ಮೆ ನೋಡಿದಳು.

"ಹೇಳಿದ್ಲರೀ. ನಾನಽ ಕಿವಿಗಿ ಹಾಕ್ಕೊಳ್ಳಲಿಲ್ಲ."

ಕೌತಾಳಂ ಬಸ್ ಹತ್ತಿ ಕೂತ ಮೇಲೆ ಅತ್ತೆ ಕಿಟಕಿಯಿಂದ ಅಂದಳು: "ಮಂದಿ ಮುಂದ ಮನಿ ಮರ್ಯಾದಿ ಹೋಗಬಾರ್ದಂತ ಹಂಗ ಹೇಳೀನಿ. ನಿನ್ನ ಮ್ಯಾಲಿನ ಮಮತಿಗಿ ಅಲ್ಲ, ತಿಳಕ."

ಮರುವರ್ಷ ನನ್ನ ನಿಶ್ಚಿತಾರ್ಥವಾಯಿತು. ಸೋದರತ್ತೆ ಬೆಳಗಬೇಕಾದ ಆರತಿಯನ್ನು ಅಕ್ಕ ಬೆಳಗಿದಳು. ಅತ್ತೆ ಬರಲಿಲ್ಲ.