ಮುನಿಲಕ್ಷ್ಮಿಯ ಕೈಗಳು

ಮುನಿಲಕ್ಷ್ಮಿಯ ಕೈಗಳನ್ನು ಹೊಗಳದವರು ಯಲ್ದೂರಿನಲ್ಲಿ ಇರಲಿಲ್ಲ. ಚಿಕ್ಕವಳಾಗಿದ್ದಾಗಲೇ ಶಾಲೆಯ ಮೇಡಂ ಸೂಜಿಗೆ ದಾರ ಪೋಣಿಸಲು ಅವಳನ್ನೇ ಕರೆಯುತ್ತಿದ್ದರು. ಕಣ್ಣನ್ನು ಬೀದಿಯ ಮೇಲಿಟ್ಟು ಮಾತನಾಡುತ್ತಲೇ ಕನಕಾಂಬರ ಕಟ್ಟುವಳು. ಒಂದು ಎಸಳೂ ನಲುಗುತ್ತಿರಲಿಲ್ಲ.

ತಂದೆ ತೀರಿಕೊಂಡ ಮೇಲೆ ತಾಯಿ ಅಂಜಮ್ಮ ಮಗಳನ್ನು ಕರೆದುಕೊಂಡು ತನ್ನ ತಮ್ಮ ಆವಲಪ್ಪನ ಮನೆ ಸೇರಿದ್ದಳು. ಮುನಿಲಕ್ಷ್ಮಿಯನ್ನು ಪಿಯುಸಿವರೆಗೆ ಓದಿಸಿದವನು ಅವನೇ. ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ಆ ಕಡೆ ಹೊಸದೇನಲ್ಲ. ನೆಂಟರೆಲ್ಲ ಅವಳನ್ನು ಅವನ ಹೆಂಡತಿಯಾಗುವವಳೆಂದೇ ತಿಳಿದಿದ್ದರು. ಅವಳು ಒಲ್ಲೆನೆಂದಾಗ ಆವಲಪ್ಪ ಗದರಲಿಲ್ಲ, ನಕ್ಕ.

"ಆಯ್ತಮ್ಮಾಯಿ. ನರಸಾಪುರದ ಫೋನ್ ಕಂಪನೀಲಿ ಸೋಮವಾರ ಇಂಟರ್‌ವ್ಯೂ ಅಂತೀಯಲ್ಲ, ಹೋಗು. ಕೆಲ್ಸ ಸಿಕ್ಕಿದ್ರೆ ನಿನ್ನ ದಾರಿ ನಿಂದು, ನಾನು ಅಡ್ಡ ಬರಲ್ಲ. ಸಿಗ್ಲಿಲ್ಲಾಂದ್ರೆ ಶ್ರಾವಣದಲ್ಲಿ ತಾಳಿ. ಏನಂತೀಯಕ್ಕ?"

"ನನ್ನ ತಮ್ಮ ಮಾತು ಕೊಟ್ರೆ ತಪ್ಪೋನಲ್ಲ" ಎಂದಳು ಅಂಜಮ್ಮ.

ಅದು ನಿಜ. ಆದರೂ ಆ ನಗು ಮುನಿಲಕ್ಷ್ಮಿಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಶನಿವಾರ ಸಂಜೆ, ಅದೇ ಕಂಪನಿಯಲ್ಲಿ ದುಡಿಯುತ್ತಿದ್ದ ಪಕ್ಕದ ಮನೆಯ ಗಂಗಾಲಕ್ಷ್ಮಿ ಬಸ್ಸಿಳಿದವಳೇ ಜಗಲಿಗೆ ಬಂದಳು. ಕಂಪನಿಯ ಪರೀಕ್ಷೆಗೆ ಅಭ್ಯಾಸವೆಂದು ಒಂದು ಬಟ್ಟಲು ಸಾಸಿವೆ, ಒಂದು ಚಿಮಟ ಮುಂದಿಟ್ಟು, ಕಾಳನ್ನು ಒಂದೊಂದಾಗಿ ಎತ್ತಿ ಬೇರೆ ಬಟ್ಟಲಿಗೆ ಹಾಕಿಸಿದಳು.

"ಇಂಗ್ಲಿಷ್ ಬರಲ್ಲ ಅಂತ ಹೆದರ್ಬೇಡ ಕಣೇ. ನಿನ್ನ ಬಗ್ಗೆ ಹೇಳು ಅಂತಾರೆ, ನಾಲ್ಕು ಮಾತು ಹೇಳು ಸಾಕು. ಅವ್ರು ಮೊದ್ಲು ನೋಡೋದೇ ಕೈನ. ಗಾಯ, ಗುಳ್ಳೆ ಏನಾದ್ರೂ ಕಂಡ್ರೆ ಗೇಟಿಂದಾಚೆ. ಆಮೇಲೆ ನಿಮ್ಮ ಮಾವನೇ ಗತಿ. ಅವನೇನು ಕೈ ನೋಡಲ್ಲ ಬಿಡು!"

ಜಗಲಿಯ ಆ ತುದಿಯಲ್ಲಿ ಮಾವಿನಕಾಯಿ ಕೀಳುವ ದೋಟಿಗೆ ಬಲೆ ಕಟ್ಟುತ್ತಿದ್ದ ಆವಲಪ್ಪನೂ ನಕ್ಕ. ಅವನ ಕೈ ಒಂದು ಗಳಿಗೆ ನಿಂತು, ಮತ್ತೆ ಗಂಟು ಬಿಗಿಯಿತು.

ಭಾನುವಾರ ಬೆಳಿಗ್ಗೆ ಅವನು ಅವಳನ್ನು ತೋಪಿಗೆ ಕರೆದ. "ಕೂಲಿಯೋರು ಬಂದಿಲ್ಲ, ಮಧ್ಯಾಹ್ನಕ್ಕೆ ಲಾರಿ ಬರ್ತದೆ. ಒಂದು ಗಳಿಗೆ ಬಾಮ್ಮ. ಹಂಗೇ ನಾನು ಪ್ರಶ್ನೆ ಕೇಳ್ತೀನಿ, ನೀನು ಉತ್ತರ ಹೇಳಿ ಕಲ್ತ್ಕೋ."

ಅನ್ನ ಹಾಕಿದವನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಕೊಂಬೆಯ ಮೇಲೆ ಕುಳಿತು ಅವನು ಕಾಯಿ ಕಿತ್ತು ಕೆಳಗೆ ನೀಡುತ್ತಿದ್ದ. ಅವಳು ಈಸಿಕೊಂಡು ಕ್ರೇಟಿಗೆ ಜೋಡಿಸುತ್ತಿದ್ದಳು.

"ನಿನ್ನ ಬಗ್ಗೆ ಹೇಳಮ್ಮ."

"ನನ್ನ ಹೆಸರು ಮುನಿಲಕ್ಷ್ಮಿ ಸರ್, ಊರು ಯಲ್ದೂರು..."

"ಗಟ್ಟಿಯಾಗಿ! ತಲೆ ಎತ್ತಿ, ನನ್ನ ಮುಖ ನೋಡಿ ಹೇಳು."

ತಲೆಯೆತ್ತಿ ಹೇಳಿದಳು. ಹೂ ಕಟ್ಟುವಾಗಿನಂತೆ ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು. ಅಂಗೈಯಲ್ಲಿ ಏನೋ ಜಿನುಗಿತು. ಬೆವರೆಂದುಕೊಂಡು ಲಂಗಕ್ಕೆ ಒರೆಸಿ, ಮುಂದಿನ ಪ್ರಶ್ನೆಗೆ ಉತ್ತರ ಹೇಳಿದಳು. ಚುರುಚುರು ಉರಿ ಹತ್ತಿದಾಗಲೇ ಕೆಳಗೆ ನೋಡಿದ್ದು. ಕ್ರೇಟಿನಲ್ಲಿದ್ದ ಒಂದು ಕಾಯಿಗೂ ತೊಟ್ಟಿರಲಿಲ್ಲ. ಬುಡದಲ್ಲೇ ಮುರಿದ ಜಾಗದಿಂದ ಸೊನೆ ಇಳಿಯುತ್ತಿತ್ತು.

ಮಾವಿನ ಸೊನೆ ಚರ್ಮ ಸುಡುತ್ತದೆ. ಅದಕ್ಕೇ ಬೆರಳುದ್ದ ತೊಟ್ಟು ಬಿಟ್ಟು ಕೀಳುವುದು. ತೊಟ್ಟು ಮುರಿದ ಕೂಲಿಯವರನ್ನು ಆವಲಪ್ಪ ಬಾಯಿಗೆ ಬಂದಂತೆ ಬೈಯುವುದನ್ನು ಅವಳು ಕೇಳುತ್ತಲೇ ಬೆಳೆದಿದ್ದಳು. ನಿನ್ನೆಯ ರಾಶಿ ಅಲ್ಲೇ ಇತ್ತು. ಪ್ರತಿ ಕಾಯಿಗೂ ತೊಟ್ಟಿತ್ತು.

"ಮಾವಾ, ತೊಟ್ಟು..."

"ಅವಸರ ಅಮ್ಮಾಯಿ, ಅವಸರ" ಎಂದ. ಎಲೆಗಳ ನಡುವೆ ಅವನ ಮುಖ ಕಾಣಿಸಲಿಲ್ಲ.

ಸಂಜೆಗೆ ಬೆರಳುಗಳ ಮೇಲೆ ಗುಳ್ಳೆ ಎದ್ದವು. "ತೋಪಂದ ಮೇಲೆ ಸೊನೆ ತಾಗ್ದೆ ಇರುತ್ತಾ?" ಎಂದು ಅಂಜಮ್ಮ ಕೊಬ್ಬರಿ ಎಣ್ಣೆ ಸವರಿದಳು. ತೊಟ್ಟಿನ ವಿಷಯ ಹೇಳಿದರೆ ನಂಬುವವರು ಆ ಮನೆಯಲ್ಲಿ ಯಾರಿದ್ದರು?

ಮರುದಿನ ಆವಲಪ್ಪನೇ ಬೈಕಿನಲ್ಲಿ ಕರೆದೊಯ್ದ. ರಸ್ತೆಯ ಉಬ್ಬು ಬಂದಾಗಲೆಲ್ಲ, "ಗಟ್ಟಿಯಾಗಿ ಹಿಡ್ಕೋ" ಎನ್ನುತ್ತಿದ್ದ.

ಕಂಪನಿಯ ಮೇಡಂ ಅವಳ ಅಂಗೈ ತಿರುಗಿಸಿ ನೋಡಿ, ಮುಂದಿನವಳನ್ನು ಕರೆಯಲು ಕೈಯೆತ್ತಿದರು.

"ಮಾವಿನ ಸೊನೆ ಮೇಡಂ. ಒಂದ್ಸಲ ಕೆಲ್ಸ ಕೊಟ್ಟು ನೋಡಿ."

ಚಿಮಟ ಕೊಟ್ಟರು. ಗುಳ್ಳೆ ಒಡೆದು ನೀರು ಮಣಿಕಟ್ಟಿಗಿಳಿದರೂ, ಸಾಸಿವೆಗಿಂತ ಸಣ್ಣ ಸ್ಕ್ರೂಗಳಲ್ಲಿ ಒಂದನ್ನೂ ಅವಳು ಬೀಳಿಸಲಿಲ್ಲ.

"ಕೈ ಚೆನ್ನಾಗಿದೆ. ಆದ್ರೆ ಈ ಗಾಯ ಇಟ್ಕೊಂಡು ಒಳಗೆ ಬಿಡೋ ಹಾಗಿಲ್ಲ. ವಾಸಿ ಮಾಡ್ಕೊಂಡು ಮುಂದಿನ ತಿಂಗಳು ಮೊದಲ ಸೋಮವಾರ ಬಾ. ಆಗ್ಲೂ ಹೀಗೇ ಇದ್ರೆ ಮತ್ತೆ ಕರೆಯೋಲ್ಲ."

ಗೇಟಿನ ಹೊರಗೆ ಆವಲಪ್ಪ ಬೈಕಿಗೆ ಒರಗಿ ನಿಂತಿದ್ದ. "ಏನಂದ್ರು?"

"ಆಗಲ್ಲ ಅಂದ್ರು ಮಾವ."

ಅವನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಅವನ ಮುಖ ತಿಳಿಯಾಯಿತು. ದಾರಿಯಲ್ಲಿ ಶ್ರೀನಿವಾಸಪುರದ ಮೆಡಿಕಲ್ ಅಂಗಡಿಯಲ್ಲಿ ನಿಲ್ಲಿಸಿ, ಒಳ್ಳೆಯ ಮುಲಾಮನ್ನೇ ಕೇಳಿ ಕೊಂಡ.

ಸಂಜೆ ಜಗಲಿಯ ಮೇಲೆ ಅವಳ ಕೈ ಹಿಡಿದು ತಾನೇ ಹಚ್ಚಿದ. "ಬೇಗ ವಾಸಿ ಆಗ್ಬೇಕು ಕಣಮ್ಮ, ಶ್ರಾವಣಕ್ಕೆ ಮದರಂಗಿ ಹಚ್ಬೇಕಲ್ಲ. ಕೆಲ್ಸ ಸಿಗ್ಲಿಲ್ಲಾಂತ ಮನಸ್ಸಿಗೆ ಹಚ್ಕೋಬೇಡ. ತೋಪಲ್ಲಿನ್ನೂ ಅರ್ಧ ಕಾಯಿ ಐತೆ, ಇಬ್ರೂ ಸೇರಿ ಕೀಳೋಣ."

ಮುನಿಲಕ್ಷ್ಮಿ ಕೈ ಎಳೆದುಕೊಳ್ಳಲಿಲ್ಲ. ಆ ಕೈಗಳು ಅವಳಿಗೂ ಬೇಗ ವಾಸಿಯಾಗಬೇಕಿತ್ತು, ಮೊದಲ ಸೋಮವಾರಕ್ಕೆ. ಬೀದಿಯಲ್ಲಿ ಕಂಪನಿ ಬಸ್ಸು ಹಾರನ್ ಹೊಡೆಯುತ್ತ ಹಾದುಹೋಯಿತು. ಅವಳು ಅತ್ತ ನೋಡಲಿಲ್ಲ. ಮುಲಾಮು ಹಚ್ಚುತ್ತಿದ್ದ ಅವನ ಬೆರಳುಗಳ ಮೇಲಿಂದ ಕಣ್ಣು ತೆಗೆಯಲೇ ಇಲ್ಲ.